ಮೊಮ್ಮಗುವಿಗೊಂದು ಬಂಡಿಯ ಗವಸು

ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿಬರುವ ತಾಯಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಕುಲಾವಿ, ಕುಂಚಿಗೆ, ಹಳೆಯ ಸೀರೆಯ ಕೌದಿಗಳನ್ನು ಅವರು ಅಕ್ಕರೆಯಿಂದ ಒಯ್ಯುತ್ತಾರೆ. ಆ ನಾಡಿನ ಬದುಕಿಗೆ ಒಪ್ಪುವ ಮತ್ತೊಂದು ಹೊಲಿಗೆಯನ್ನು ಈ ಸಾಲಿಗೆ ಸೇರಿಸಬಹುದು. ಅದೇ ಶಾಪಿಂಗ್ ಕಾರ್ಟಿನಲ್ಲಿ ಮಗು ಕೂರುವ ಆಸನದ ಗವಸು.

ಒಕ್ಲಹೋಮ ನಗರದ ದಿನಸಿ ಅಂಗಡಿಗಳ ಒಡೆಯರಾಗಿದ್ದ ಸಿಲ್ವನ್ ಗೋಲ್ಡ್‌ಮನ್ ಅವರು 1937ರಲ್ಲಿ ಈ ಗಾಲಿಬಂಡಿಯನ್ನು ಬಳಕೆಗೆ ತಂದರು. ಮುಂದೆ ಅದರ ಹಿಡಿಯ ಬಳಿ ಮಗುವಿಗೊಂದು ಆಸನವೂ ಸೇರಿತು. ತಂತಿ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಆ ಆಸನವು ಎಳೆಯ ಮೈಗೆ ಒತ್ತುತ್ತದೆ. ಹಲವರ ಕೈ ಸೋಕಿದ ಹಿಡಿಯನ್ನು ಹಲ್ಲು ಮೂಡುತ್ತಿರುವ ಕೂಸು ಬಾಯಿಗಿಡುತ್ತದೆ. ಬಂಡಿಯಲ್ಲಿ ಹಸಿ ಮಾಂಸದ ಪಕ್ಕದಲ್ಲಿ ಕುಳಿತು ಸಾಗುವ ಶಿಶುಗಳಿಗೆ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಕರುಳಿನ ಸೋಂಕುಗಳ ಅಪಾಯ ಹೆಚ್ಚೆಂದು 2006 ಮತ್ತು 2007ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನಗಳು ತಿಳಿಸಿವೆ. ನಾವು ಸಸ್ಯಾಹಾರಿಗಳೇ ಇರಬಹುದು. ಆದರೆ ನಮಗಿಂತ ಮುಂಚೆ ಅದೇ ಬಂಡಿಯಲ್ಲಿ ಏನೇನು ಸಾಗಿತ್ತೆಂಬುದನ್ನು ಬಲ್ಲವರಾರು? ಆದುದರಿಂದ ಒಗೆದು ಮತ್ತೆ ಬಳಸಬಹುದಾದ ಗವಸು ಉಪಯುಕ್ತವೇ ಸರಿ.

ಬೇಕಾಗುವ ವಸ್ತುಗಳು

ಮೇಲ್ಪದರಕ್ಕೆ ಗಟ್ಟಿ ಹತ್ತಿ ಬಟ್ಟೆ 1½ ಮೀಟರ್, ಒಳಪದರಕ್ಕೆ ಮೃದುವಾದ ಹತ್ತಿ ಬಟ್ಟೆ ಅಷ್ಟೇ, ನಡುವೆ ಇಡಲು ಹಳೆಯ ಹತ್ತಿ ಸೀರೆಯ ಮೂರು ನಾಲ್ಕು ಪದರ, ಅಂಚುಕಟ್ಟಲು ಓರೆಯಾಗಿ ಕತ್ತರಿಸಿದ ಪಟ್ಟಿ, ಅರ್ಧ ಅಂಗುಲ ಅಗಲದ ಎಲಾಸ್ಟಿಕ್. ಹೊಸ ಬಟ್ಟೆಯನ್ನು ಮೊದಲೇ ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಳ್ಳಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗೀತು.

ಹೊಲಿಯುವ ಕ್ರಮ

ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ ಆಸನದ ಮೇಲೆ ಹಾಸಿರಿ. ಹಿಡಿಯನ್ನು ಮುಚ್ಚಿ, ಆಸನಕ್ಕೆ ಇಳಿದು, ಬೆನ್ನೊರಗನ್ನು ದಾಟಿ ಹಿಂದಕ್ಕೆ ಬೀಳುವಷ್ಟು ಉದ್ದವಿರಲಿ. ಸಾಮಾನ್ಯವಾಗಿ 50 ಅಂಗುಲ ಉದ್ದ, 36 ಅಂಗುಲ ಅಗಲ ಸಾಕಾಗುತ್ತದೆ. ಮಗುವಿನ ಕಾಲುಗಳು ಇಳಿಯುವ ಎರಡು ಕಂಡಿಗಳನ್ನೂ ಬಂಡಿಯ ಸೊಂಟಪಟ್ಟಿ ಹೊರಬರುವ ಜಾಗಗಳನ್ನೂ ಹಾಳೆಯ ಮೇಲೆ ಗುರುತಿಸಿರಿ. ಊರಿನಲ್ಲಿಯೇ ಹೊಲಿದು ಕಳುಹಿಸುವವರು ಈ ಹಾಳೆಯನ್ನು ಅಲ್ಲಿಂದ ತರಿಸಿಕೊಳ್ಳತಕ್ಕದ್ದು.

ಅದೇ ಅಳತೆಗೆ ಎರಡು ಬಟ್ಟೆಗಳನ್ನೂ ಕತ್ತರಿಸಿ ಮೂಲೆಗಳನ್ನು ದುಂಡಗೆ ಮಾಡಿರಿ. ಸೀರೆಯ ಪದರಗಳು ಸುತ್ತಲೂ 3 ಅಂಗುಲ ಕಡಿಮೆಯಿರಲಿ, ಅಂಚು ದಪ್ಪವಾಗದು. ಎಲ್ಲವನ್ನೂ ಜೋಡಿಸಿ, ಕೌದಿಗೆ ಹಾಕುವಂತೆ ಸಾಲುಸಾಲಾಗಿ ದಾರ ಓಡಿಸಿರಿ. ಆಮೇಲೆ ಕಾಲಿನ ಕಂಡಿಗಳನ್ನು ಕತ್ತರಿಸಿ ಓರೆಪಟ್ಟಿಯಿಂದ ಅಂಚುಕಟ್ಟಿರಿ. ಸೊಂಟಪಟ್ಟಿಯ ಸೀಳುಗಳಿಗೆ ಗುಂಡಿಮನೆಯ ಹೊಲಿಗೆ ಹಾಕಿರಿ. ಕೊನೆಯಲ್ಲಿ ಹೊರ ಅಂಚಿನ ಸುತ್ತ ಪಟ್ಟಿ ಹೊಲಿದು, ಲಂಗಕ್ಕೆ ಲಾಡಿ ತೂರಿಸುವಂತೆ ಎಲಾಸ್ಟಿಕ್ ತೂರಿಸಿರಿ. ಬಂಡಿಗೆ ತೊಡಿಸಿ ನೋಡಿ, ಜಾರದಷ್ಟು ಬಿಗಿಮಾಡಿ ತುದಿಗಳನ್ನು ಕೂಡಿಸಿರಿ.

ಮರೆಯಬಾರದ ಎಚ್ಚರಿಕೆ

ಗವಸು ಮೆತ್ತನೆಯ ಸುಖವನ್ನು ಕೊಟ್ಟೀತು. ಬೀಳುವ ಮಗುವನ್ನು ಹಿಡಿಯಲಾರದು. 1990ರಿಂದ 2011ರವರೆಗಿನ ಅವಧಿಯನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಾಪಿಂಗ್ ಕಾರ್ಟುಗಳಿಂದ ಗಾಯಗೊಂಡು ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 15 ವರ್ಷದೊಳಗಿನ ಮಕ್ಕಳು ವರ್ಷಕ್ಕೆ ಸರಾಸರಿ 24,000ಕ್ಕೂ ಹೆಚ್ಚು. ಅವರಲ್ಲಿ ಶೇಕಡಾ 70ರಷ್ಟು ಮಂದಿ ಬಂಡಿಯಿಂದ ಬಿದ್ದವರು. ಬಹುಪಾಲು ಪೆಟ್ಟು ತಲೆಗೇ. ಆದುದರಿಂದ ಬಂಡಿಯ ಸೊಂಟಪಟ್ಟಿಯನ್ನು ಮುಚ್ಚಿಬಿಡುವ ಗವಸು ಎಷ್ಟು ಅಂದವಾಗಿದ್ದರೂ ಕೆಲಸಕ್ಕೆ ಬಾರದು. ಸೀಳಿನ ಮೂಲಕ ಪಟ್ಟಿಯನ್ನು ತೂರಿಸಿ, ಮಗುವಿನ ಸೊಂಟಕ್ಕೆ ಕಟ್ಟಿದ ಮೇಲೆಯೇ ಬಂಡಿ ತಳ್ಳಬೇಕು. ಪಟ್ಟಿ ಹರಿದಿದ್ದರೆ ಬೇರೆ ಬಂಡಿಯನ್ನು ಆರಿಸಿಕೊಳ್ಳಬೇಕು.

ಆಧಾರವಿಲ್ಲದೆ ಕೂರಲು ಬಾರದ ಹಸುಗೂಸಿಗೆ ಈ ಆಸನ ಸಲ್ಲದು. ಅದನ್ನು ಎದೆಗೆ ಕಟ್ಟಿಕೊಳ್ಳುವುದೇ ಲೇಸು. ಕುಂಚಿಗೆಗೆ ಹಾಕುವಂತೆ ಗೆಜ್ಜೆ, ಕವಡೆ, ಕನ್ನಡಿಗಳನ್ನು ಇದಕ್ಕೆ ಹೊಲಿಯಬೇಡಿರಿ. ಕಿತ್ತು ಬಂದರೆ ಗಂಟಲಿಗೆ ಸಿಕ್ಕಾವು. ಆಟಿಕೆ ಕಟ್ಟುವ ಉದ್ದನೆಯ ದಾರವೂ ಬೇಡ, ಕೊರಳಿಗೆ ಸುತ್ತಿಕೊಂಡೀತು. ಮಗು ಬಂಡಿಯಲ್ಲಿರುವಾಗ ಕ್ಷಣಮಾತ್ರವೂ ಬಿಟ್ಟು ಸರಿಯಬಾರದು.

ಅಜ್ಜಿಯ ಹಳೆಯ ಸೀರೆಯು ದೂರದ ನಾಡಿನಲ್ಲಿ ಮೊಮ್ಮಗುವಿನ ಆಸನವಾಗುವುದು ಸಂತೋಷದ ಸಂಗತಿ. ಆ ಸೀರೆಯ ಜೊತೆಗೆ ಸೊಂಟಪಟ್ಟಿ ಕಟ್ಟುವ ಅಭ್ಯಾಸವನ್ನೂ ಮಕ್ಕಳಿಗೆ ತಪ್ಪದೆ ಹೇಳಿಕೊಟ್ಟು ಬನ್ನಿರಿ.