ಡ್ರಮ್ ಕಿಟ್ ದೊಡ್ಡದು ಮಾಡ್ಬೇಕಾ? ದುಡ್ಡು ಹಾಕೋ ಮುಂಚೆ ಮಾಡ್ಯೂಲ್ ಹಿಂದಿನ ತೂತು ಎಣಿಸಿ

ಗಣೇಶನನ್ನು ಕೂರಿಸಿದಲ್ಲಿಂದ ರಾಜ್ಯೋತ್ಸವ ಮುಗಿಯೋ ತನಕ ಆರ್ಕೆಸ್ಟ್ರಾ ಹುಡುಗರಿಗೆ ಬಿಡುವಿಲ್ಲ. ಆ ಸೀಸನ್‌ನಲ್ಲಿ ದುಡಿದದ್ದರಲ್ಲಿ ಒಂದಿಷ್ಟು ಉಳಿಸಿ, ಮುಂದಿನ ವರ್ಷಕ್ಕೆ ಕಿಟ್ ಬದಲಾಯಿಸಬೇಕು ಅಂತ ಡ್ರಮ್ಮರ್‌ಗಳು ಲೆಕ್ಕ ಹಾಕೋದು ಎಲ್ಲ ಊರಲ್ಲೂ ಇದ್ದದ್ದೇ. ಇರೋ ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಒಂದೇ ಕ್ರ್ಯಾಶ್ ಸಿಂಬಲ್, ರಬ್ಬರ್ ಸ್ನೇರ್, ಮೆಲ್ಲಗೆ ಹೊಡೆದರೆ ಸದ್ದೇ ಬರಲ್ಲ. ಹಾಗಂತ ಹಳೇದನ್ನ ಸಿಕ್ಕಿದ ರೇಟಿಗೆ ಕೊಟ್ಟು, ಸಾಲ ಮಾಡಿ ಪೂರ್ತಿ ಹೊಸ ಕಿಟ್ ತರ್ತಾರೆ. ಆದರೆ ಬಹಳಷ್ಟು ಸಲ ಕಿಟ್ ಪೂರ್ತಿ ಬದಲಾಯಿಸೋ ಅಗತ್ಯ ಇರಲ್ಲ. ಒಂದೆರಡು ಭಾಗ ಬದಲಾಯಿಸಿದರೆ ಕೆಲಸ ಆಗುತ್ತೆ. ಯಾವುದನ್ನು ಮೊದಲು ಬದಲಾಯಿಸಬೇಕು ಅನ್ನೋದು ಗೊತ್ತಿರಬೇಕು ಅಷ್ಟೇ.

ಕಿಟ್ ಕೆಲಸ ಮಾಡೋದು ಹೇಗೆ?

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಇರೋದು ಮೂರೇ: ಹೊಡೆಯೋ ಪ್ಯಾಡ್, ವೈರ್, ಸದ್ದು ಕೊಡೋ ಮಾಡ್ಯೂಲ್. ಪ್ಯಾಡ್ ಒಳಗೆ ಪಿಯೆಜೊ ಅನ್ನೋ ನಾಣ್ಯದಷ್ಟು ತೆಳ್ಳಗಿನ ಬಿಲ್ಲೆ ಇರುತ್ತೆ. ಕೋಲು ಬಿದ್ದಾಗ ಅದು ಅದುರಿ ಸಣ್ಣ ಕರೆಂಟ್ ಹುಟ್ಟಿಸುತ್ತೆ. ಜೋರಾಗಿ ಹೊಡೆದರೆ ಜಾಸ್ತಿ, ಮೆಲ್ಲಗೆ ಹೊಡೆದರೆ ಕಮ್ಮಿ. ಮಾಡ್ಯೂಲ್ ಅದನ್ನು ಅಳೆದು, ಅಷ್ಟೇ ಜೋರಾಗಿ ಸದ್ದು ಹೊರಡಿಸುತ್ತೆ.

ಅಂದರೆ ಪ್ಯಾಡಿಗೂ ಸದ್ದಿಗೂ ನೇರ ಸಂಬಂಧ ಇಲ್ಲ. ಈಗ ಎಲ್ಲ ಸ್ಟೇಜಲ್ಲೂ ಕಾಣೋ ಆಕ್ಟಾಪ್ಯಾಡ್‌ನ್ನು ರೋಲ್ಯಾಂಡ್ ಕಂಪನಿ 1985ರಲ್ಲಿ ಮೊದಲ ಸಲ ತಂದಾಗ, ಆ ಪ್ಯಾಡ್-8 ಮಾಡೆಲ್‌ಗೆ ಸ್ವಂತ ಸದ್ದೇ ಇರಲಿಲ್ಲ. ಬೇರೆ ಮೆಷಿನ್‌ಗೆ ಮಿಡಿ ಕೇಬಲ್ ಹಾಕಿ ನುಡಿಸಬೇಕಿತ್ತು. ಪ್ಯಾಡ್ ಬೇರೆ, ಸದ್ದು ಬೇರೆ ಅನ್ನೋ ಈ ಒಂದು ಮಾತು ನೆನಪಿದ್ದರೆ ಅರ್ಧ ದುಡ್ಡು ಉಳಿದ ಹಾಗೆ.

ಹಿಂದಿನ ತೂತು ಎಣಿಸಿ

ಕಿಟ್‌ಗೆ ಇನ್ನೊಂದು ಟಾಮ್ ಅಥವಾ ಸಿಂಬಲ್ ಸೇರಿಸಬೇಕಾದರೆ ಮೊದಲು ನೋಡಬೇಕಾದ್ದು ಅಂಗಡಿಯಲ್ಲ, ನಿಮ್ಮ ಮಾಡ್ಯೂಲ್‌ನ ಹಿಂಭಾಗ. ಅಲ್ಲಿ ಖಾಲಿ ಟ್ರಿಗರ್ ಇನ್‌ಪುಟ್ ಇದ್ದರೆ ಪ್ಯಾಡ್, ವೈರ್, ಕ್ಲ್ಯಾಂಪ್ ತಂದು ಸೇರಿಸಿದರೆ ಮುಗೀತು. ಉದಾಹರಣೆಗೆ, ಅಲೆಸಿಸ್ ನೈಟ್ರೊ ಕಿಟ್‌ನ ವೈರ್‌ಗಳೆಲ್ಲ ಒಂದೇ ದಪ್ಪ ಕೇಬಲ್‌ನಲ್ಲಿ ಬರುತ್ತವೆ. ಅದರ ಜೊತೆಗೆ ನಾಲ್ಕನೇ ಟಾಮ್, ಎರಡನೇ ಕ್ರ್ಯಾಶ್ ಅಂತ ಎರಡು ಇನ್‌ಪುಟ್ ಬೇರೆಯಾಗಿ ಕೊಟ್ಟಿರುತ್ತಾರೆ. ರೋಲ್ಯಾಂಡ್ ಟಿಡಿ-17 ಮಾಡ್ಯೂಲ್‌ನಲ್ಲೂ ಎರಡನೇ ಕ್ರ್ಯಾಶ್ ಮತ್ತು ಆಕ್ಸ್ ಅಂತ ಎರಡು ಇದ್ದಾವೆ. ಎಷ್ಟೋ ಜನ ಆ ತೂತುಗಳನ್ನು ಒಂದು ದಿನವೂ ಬಳಸದೇ ಕಿಟ್ ಮಾರಿಬಿಡ್ತಾರೆ.

ಆಕ್ಟಾಪ್ಯಾಡ್ ಇರೋರೂ ಹಿಂದೆ ತಿರುಗಿಸಿ ನೋಡಿ. ಎಸ್‌ಪಿಡಿ-30ಕ್ಕೆ ಹೊರಗಿನ ಪ್ಯಾಡ್, ಹೈ-ಹ್ಯಾಟ್ ಪೆಡಲ್ ಸೇರಿಸಬಹುದು.

ಖಾಲಿ ತೂತು ಇಲ್ಲದಿದ್ದರೆ ಕೆಲವು ಮಾಡ್ಯೂಲ್‌ಗಳಲ್ಲಿ ಒಂದು ಸ್ಟೀರಿಯೋ ಜಾಕನ್ನು ವೈ-ಕೇಬಲ್ ಹಾಕಿ ಎರಡು ಪ್ಯಾಡಿಗೆ ಒಡೆಯಬಹುದು. ಆಗ ಆ ಜಾಕ್‌ನ ರಿಮ್ ಸದ್ದು ಎರಡನೇ ಪ್ಯಾಡಿಗೆ ಹೋಗುತ್ತೆ. ಎಲ್ಲ ಮಾಡ್ಯೂಲ್‌ನಲ್ಲೂ ಇದು ನಡೆಯಲ್ಲ. ಹಾಗಾಗಿ ತರೋ ಮುಂಚೆ ಮ್ಯಾನ್ಯುಯಲ್ ನೋಡೋದು ಒಳ್ಳೇದು.

ಪ್ಯಾಡ್ ಕೆಟ್ಟಿಲ್ಲ, ವೈರ್ ತಪ್ಪು

ಹೊಸ ಪ್ಯಾಡ್ ತಂದು ಹಾಕಿದ ಮೇಲೆ ‘ನಡುವೆ ಹೊಡೆದರೆ ಸದ್ದು ಬರುತ್ತೆ, ಅಂಚಿಗೆ ಹೊಡೆದರೆ ಇಲ್ಲ’ ಅನ್ನೋ ದೂರು ಸಾಮಾನ್ಯ. ಇದಕ್ಕೆ ಬಹುಪಾಲು ಕಾರಣ ಕೇಬಲ್. ಎರಡು ಸದ್ದಿನ ಪ್ಯಾಡಿಗೆ ಸ್ಟೀರಿಯೋ ಕೇಬಲ್ ಬೇಕು. ಪಿನ್ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೋ, ಒಂದೇ ಇದ್ದರೆ ಮೋನೋ. ಗಿಟಾರ್‌ಗೆ ಹಾಕೋ ವೈರ್ ಮೋನೋ, ಇಲ್ಲಿಗೆ ಆಗಲ್ಲ.

ಕಂಪನಿ ಬದಲಾದರೂ ತೊಂದರೆ ಬರಬಹುದು. ಒಂದು ಕಂಪನಿ ಅಂಚಿಗೂ ಪಿಯೆಜೊ ಇಟ್ಟಿರುತ್ತೆ, ಇನ್ನೊಂದು ಸ್ವಿಚ್ ಇಟ್ಟಿರುತ್ತೆ. ಹಾಗಾಗಿ ಬೇರೆ ಕಂಪನಿಯ ಪ್ಯಾಡ್ ತಗೋವಾಗ ನಿಮ್ಮ ಮಾಡ್ಯೂಲನ್ನೇ ಅಂಗಡಿಗೆ ಹೊತ್ಕೊಂಡು ಹೋಗಿ ಹಾಕಿ ನೋಡೋದೇ ಸರಿ. ಸಿಂಬಲ್‌ನಲ್ಲಿ ಕೈ ಹಿಡಿದು ಸದ್ದು ನಿಲ್ಲಿಸೋದು ಮತ್ತು ಹೈ-ಹ್ಯಾಟ್ ಪೆಡಲ್, ಇವೆರಡನ್ನು ತಪ್ಪದೇ ಪರೀಕ್ಷೆ ಮಾಡಬೇಕು.

ಖರ್ಚಿಲ್ಲದ ರಿಪೇರಿ

ಪ್ಯಾಡ್ ಬದಲಾಯಿಸೋ ಮೊದಲು ಮಾಡ್ಯೂಲ್‌ನ ಟ್ರಿಗರ್ ಸೆಟ್ಟಿಂಗ್ ತೆಗೆದು ನೋಡಿ. ಅಲ್ಲಿ ಮುಖ್ಯವಾಗಿ ನಾಲ್ಕು ಹೆಸರು ಕಾಣುತ್ತೆ.

ಸೆನ್ಸಿಟಿವಿಟಿ: ಎಷ್ಟು ಹೊಡೆದರೆ ಎಷ್ಟು ಸದ್ದು ಅನ್ನೋ ಲೆಕ್ಕ. ಮೈಮುರಿದು ಹೊಡೆದರೂ ಸದ್ದು ಏರದಿದ್ದರೆ ಇದನ್ನು ಹೆಚ್ಚಿಸಬೇಕು.

ಥ್ರೆಶೋಲ್ಡ್: ಇದಕ್ಕಿಂತ ಸಣ್ಣ ಪೆಟ್ಟನ್ನು ಮಾಡ್ಯೂಲ್ ಲೆಕ್ಕಕ್ಕೆ ತಗೊಳ್ಳಲ್ಲ. ಮೆಲ್ಲಗಿನ ಪೆಟ್ಟು ಕೇಳದಿದ್ದರೆ ಇದನ್ನು ಇಳಿಸಬೇಕು. ಸ್ಟೇಜಲ್ಲಿ ಸ್ಪೀಕರ್ ಅದುರಿಗೆ ತಾನಾಗೇ ಸದ್ದು ಬಂದರೆ ಏರಿಸಬೇಕು.

ಕ್ರಾಸ್‌ಟಾಕ್: ಟಾಮ್ ಹೊಡೆದರೆ ಪಕ್ಕದ ಸಿಂಬಲ್ ಕೂಡ ಕೂಗೋ ಕಾಯಿಲೆ. ಒಂದೇ ರಾಕ್ ಪೈಪಿಗೆ ಎಲ್ಲ ಕಟ್ಟಿದಾಗ ಅದುರು ಹರಿದು ಹೀಗಾಗುತ್ತೆ. ಸೆಟ್ಟಿಂಗ್ ಏರಿಸಿ, ಕ್ಲ್ಯಾಂಪ್ ಬಿಗಿ ಮಾಡಿ. ಹೊಸ ಸಿಂಬಲ್‌ಗೆ ಬೇರೆ ಸ್ಟ್ಯಾಂಡ್ ಕೊಟ್ಟರೆ ಇನ್ನೂ ಒಳ್ಳೇದು.

ಮಾಸ್ಕ್ ಟೈಮ್ ಅಥವಾ ರೀಟ್ರಿಗರ್: ಒಂದು ಪೆಟ್ಟಿಗೆ ಎರಡು ಸದ್ದು ಬಂದರೆ ಇದನ್ನು ಹೆಚ್ಚಿಸಬೇಕು. ವಿಪರೀತ ಏರಿಸಿದರೆ ಸ್ಪೀಡ್ ರೋಲ್‌ನಲ್ಲಿ ಪೆಟ್ಟುಗಳೇ ನುಂಗಿಹೋಗುತ್ತವೆ.

ದುಡ್ಡು ಹಾಕೋದಾದರೆ ಎಲ್ಲಿ?

ಮೊದಲು ಸ್ನೇರ್. ಕೈ ಹೆಚ್ಚು ಬೀಳೋದು ಅದರ ಮೇಲೇ. ರಬ್ಬರ್ ಪ್ಯಾಡ್ ಮೇಲೆ ಗಂಟೆಗಟ್ಟಲೆ ನುಡಿಸಿದರೆ ಮಣಿಕಟ್ಟು ನೋಯುತ್ತೆ. ಬಲೆಯಂಥ ಮೆಶ್ ಹೆಡ್ ಇರೋ ಪ್ಯಾಡ್‌ನಲ್ಲಿ ಕೋಲು ನಿಜವಾದ ಡ್ರಮ್‌ನ ಹಾಗೆ ಪುಟಿಯುತ್ತೆ, ಬಿಗಿ ಸಡಿಲ ಮಾಡ್ಕೋಬಹುದು. ಎರಡನೇದು ಕಿಕ್ ಪೆಡಲ್ ಮತ್ತು ಹೈ-ಹ್ಯಾಟ್. ಆಮೇಲೆ ಇನ್ನೊಂದು ಕ್ರ್ಯಾಶ್. ಮಾಡ್ಯೂಲ್ ಕೊನೆಗೆ.

ಮೂಲೆಯಲ್ಲಿ ಬಿದ್ದಿರೋ ಹಳೇ ಜಾಝ್ ಡ್ರಮ್ಸ್ ಇದ್ದರೆ ಅದೂ ಉಪಯೋಗಕ್ಕೆ ಬರುತ್ತೆ. ಅಳತೆಗೆ ತಕ್ಕ ಮೆಶ್ ಹೆಡ್ ಹಾಕಿ, ಒಳಗೆ ಅಡ್ಡಪಟ್ಟಿಗೆ ಪಿಯೆಜೊ, ಅದರ ಮೇಲೆ ಹೆಡ್‌ಗೆ ತಾಗೋ ಹಾಗೆ ಫೋಮ್ ಇಟ್ಟು ಜಾಕ್ ಕೂರಿಸಿದರೆ ಅದೇ ಎಲೆಕ್ಟ್ರಾನಿಕ್ ಪ್ಯಾಡ್. ಪಿಯೆಜೊ ಬಿಲ್ಲೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವೇ ರೂಪಾಯಿಗೆ ಸಿಗುತ್ತೆ. ಬೆಸುಗೆ ಹಾಕೋಕೆ ಊರಿನ ಮೊಬೈಲ್ ರಿಪೇರಿ ಅಂಗಡಿ, ಪಟ್ಟಿ-ಸ್ಟ್ಯಾಂಡಿಗೆ ವೆಲ್ಡಿಂಗ್ ಶಾಪ್ ಸಾಕು.

ಲ್ಯಾಪ್‌ಟಾಪ್ ಇದ್ದರೆ ಸದ್ದು ಹೊಸದು

ಮಾಡ್ಯೂಲ್ ಸದ್ದು ಹಳೇದಾಯ್ತು ಅನ್ನಿಸಿದರೂ ಹೊಸದು ಬೇಕಂತಿಲ್ಲ. ಯುಎಸ್‌ಬಿ ಇದ್ದರೆ ಲ್ಯಾಪ್‌ಟಾಪ್‌ಗೆ ಹಾಕಿ, ಡ್ರಮ್ ಸಾಫ್ಟ್‌ವೇರ್‌ನ ಸದ್ದು ನುಡಿಸಬಹುದು. ಮಾಡ್ಯೂಲ್ ಇಲ್ಲಿ ಬರೀ ನಂಬರ್ ಕಳಿಸುತ್ತೆ: ಸಾಮಾನ್ಯವಾಗಿ ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈ-ಹ್ಯಾಟ್‌ಗೆ 42. ತೊಡಕು ಅಂದರೆ ತಡ. ಪೆಟ್ಟಿಗೂ ಸದ್ದಿಗೂ 10 ಮಿಲಿಸೆಕೆಂಡ್ ಒಳಗಿದ್ದರೆ ಕೈಗೆ ಗೊತ್ತಾಗಲ್ಲ. 30 ದಾಟಿದರೆ ತಾಳ ಹಿಂದೆ ಬೀಳುತ್ತೆ. ಅದಕ್ಕೆ ಒಂದು ಆಡಿಯೋ ಇಂಟರ್‌ಫೇಸ್ ಬೇಕಾಗಬಹುದು. ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಇಯರ್‌ಫೋನ್ ಅಂತೂ ನುಡಿಸೋಕೆ ಬೇಡವೇ ಬೇಡ. ಸ್ಟೇಜಲ್ಲಿ ಲ್ಯಾಪ್‌ಟಾಪ್ ನಿಂತುಹೋದರೆ ಕೈಕೊಡದ ಹಾಗೆ ಮಾಡ್ಯೂಲ್ ವೈರನ್ನೂ ಮಿಕ್ಸರ್‌ಗೆ ಹಾಕಿಟ್ಟಿರಬೇಕು.

ಸೆಕೆಂಡ್ ಹ್ಯಾಂಡ್ ತಗೋವಾಗ

ಪ್ರತಿ ಪ್ಯಾಡನ್ನೂ ಮೆಲ್ಲಗೆಯಿಂದ ಜೋರಿನವರೆಗೆ ಹೊಡೆದು ನೋಡಿ. ಜಾಕ್ ಅಲುಗಾಡಿಸಿದಾಗ ಸದ್ದು ಹೋಗಬಾರದು. ಅಡಾಪ್ಟರ್ ಕಂಪನಿದೇ ಇರಲಿ. ಬೇರೆ ಅಡಾಪ್ಟರ್‌ನಲ್ಲಿ ವೋಲ್ಟ್ ಒಂದೇ ಇದ್ದರೆ ಸಾಲದು, ಪಿನ್ನಿನ ಪ್ಲಸ್-ಮೈನಸ್ ಕೂಡ ಮಾಡ್ಯೂಲ್ ಮೇಲೆ ಬರೆದ ಹಾಗೇ ಇರಬೇಕು. ಒಳಗಿನದು ಮೈನಸ್ ಇರೋ ಮಾಡ್ಯೂಲ್‌ಗೆ ಪ್ಲಸ್ ಇರೋದನ್ನು ಚುಚ್ಚಿದರೆ ಒಂದೇ ಕ್ಷಣದಲ್ಲಿ ಮಾಡ್ಯೂಲ್ ಸುಟ್ಟುಹೋಗಬಹುದು.

ಕೆಳಗಿನ ಅಂಗಡಿಯವರ ಗತಿ?

ಹೆಡ್‌ಫೋನ್ ಹಾಕಿದರೆ ಪಕ್ಕದ ಮನೆಗೆ ಕೇಳಲ್ಲ ಅನ್ನೋದು ಅರ್ಧ ನಿಜ. ಕಿಕ್ ಪೆಡಲ್‌ನ ಪೆಟ್ಟು ನೆಲದೊಳಗೆ ಇಳಿದು ಕೆಳಗಿನ ಅಂಗಡಿಯ ಸೀಲಿಂಗ್‌ನಲ್ಲಿ ಧಡ್ ಧಡ್ ಅನ್ನುತ್ತೆ. ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಚೆಂಡು ಇಟ್ಟು, ಅದರ ಮೇಲೆ ಕಿಟ್ ಕೂರಿಸಿದರೆ ಅದುರು ಬಹಳ ಕಮ್ಮಿ ಆಗುತ್ತೆ. ಇನ್ನು ಬಯಲು ಸ್ಟೇಜಿನ ಮಾತು: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ವಿನಾಯಿತಿ ಕೊಡಬಹುದು ಅಷ್ಟೇ.

ಒಟ್ಟಿನಲ್ಲಿ ಮೊದಲು ಸೆಟ್ಟಿಂಗ್, ಆಮೇಲೆ ವೈರ್, ಆಮೇಲೆ ಸ್ನೇರ್-ಪೆಡಲ್, ಆಮೇಲೆ ಹೆಚ್ಚಿನ ಪ್ಯಾಡ್, ಕಟ್ಟಕಡೆಗೆ ಮಾಡ್ಯೂಲ್. ಈ ಸಾಲು ತಪ್ಪದಿದ್ದರೆ ಸೀಸನ್ ದುಡಿಮೆ ಬಡ್ಡಿಗೆ ಹೋಗದೆ ಕೈಯಲ್ಲೇ ಉಳಿಯುತ್ತೆ.