ಪಕ್ಕೆಲುಬು ಕಂಡರೆ ಕನಿಕರ ಬೇಡ

ಸಾಂಗ್ಲಿ, ಮಿರಜದ ಓಣಿಗಳಲ್ಲಿ ಮುಧೋಳ ನಾಯಿ ಸಾಕಿದವರು ಕೇಳಬೇಕಾದ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಯಾಕ್ರೀ, ನಾಯಿಗೆ ಊಟಾ ಹಾಕೂದಿಲ್ಲೇನು?’ ಹಿಂದಿನ ಮೂರ್ನಾಲ್ಕು ಪಕ್ಕೆಲುಬು ಎಣಿಸುವಂತಿರುತ್ತವೆ, ಸೊಂಟದ ಎಲುಬು ಎದ್ದು ಕಾಣುತ್ತದೆ, ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ. ಮಾತಿಗೆ ನಾಚಿದ ಮಾಲೀಕರು ಅನ್ನ, ಬಿಸ್ಕೀಟು, ಹಾಲಿನ ಕೆನೆ ಸುರಿಯತೊಡಗುತ್ತಾರೆ. ನಾಯಿಯ ಕಷ್ಟ ಅಲ್ಲಿಂದ ಶುರು.

ಇದು ಈ ಸೀಮೆಯದೇ ನಾಯಿ. ಜಿಲ್ಲೆಯ ಪೂರ್ವದ ಬರದ ತಾಲೂಕುಗಳಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ಕಿವಿ, ಕಾಲು, ಬಾಲದಲ್ಲಿ ರೇಷ್ಮೆಯಂಥ ಉದ್ದ ಕೂದಲಿದ್ದರೆ ಪಶ್ಮಿ. ಗಡಿ ದಾಟಿದರೆ ಮುಧೋಳ ನಾಯಿ. ಮಿರಜಕ್ಕೂ ಮುಧೋಳಕ್ಕೂ ನೂರು ಕಿಲೋಮೀಟರಿನ ಆಸುಪಾಸು, ಅಷ್ಟೇ. ಸಂಸ್ಥಾನಗಳ ಕಾಲದಲ್ಲಿ ಮುಧೋಳದ ನೆರೆಯ ತೇರದಾಳವೇ ಸಾಂಗ್ಲಿಯ ಪಟವರ್ಧನರ ಕೈಯಲ್ಲಿತ್ತು. ಮುಧೋಳದ ಘೋರ್ಪಡೆ ಅರಸರು ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟ ಕಥೆ ಎಲ್ಲರ ಬಾಯಲ್ಲೂ ಇದೆ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಪ್ರಚಾರಕ್ಕೇನೂ ಕೊರತೆಯಿಲ್ಲ, ಕೊರತೆ ಇರುವುದು ಇದರ ಮೈಕಟ್ಟಿನ ತಿಳಿವಳಿಕೆಗೆ.

ಬಯಲಿನಲ್ಲಿ ಎದ್ದೋಡುವ ಮೊಲವನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವುದು ಈ ನಾಯಿಯ ಕಸುಬು. ಪಾರಸೀಕದ ಸಲೂಕಿ, ಇಂಗ್ಲೆಂಡಿನ ಗ್ರೇಹೌಂಡ್‌ಗಳೂ ಇದೇ ಬಗೆಯವು. ಇವುಗಳ ಓಟವನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಬೇಕು. ಬೆನ್ನುಮೂಳೆ ಬಿಲ್ಲಿನಂತೆ ಬಾಗಿ, ಹಿಂಗಾಲು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತದೆ. ಮರುಕ್ಷಣ ಬೆನ್ನು ಸೆಟೆದು ಮೈ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕಾಲು ಮಡಚಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ, ಒಂದೇ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಪಾದ ನೆಲ ಬಿಟ್ಟಿರುತ್ತವೆ. ನಾಗಾಲೋಟದ ಕುದುರೆಗೂ ಸಿಗುವುದು ಒಂದೇ ಸಲ. ಬೆನ್ನು ಹೀಗೆ ಮಡಚಬೇಕಾದರೆ ಹೊಟ್ಟೆ ಒಳಸೇರಿರಲೇಬೇಕು. ಎದೆಗೂಡು ಆಳವಾಗಿರುವುದು ಶ್ವಾಸಕೋಶಕ್ಕೂ ಹೃದಯಕ್ಕೂ ಜಾಗ ಬೇಕೆಂದು. ಹೆಚ್ಚು ಅಧ್ಯಯನ ನಡೆದಿರುವ ಗ್ರೇಹೌಂಡ್‌ನಲ್ಲಿ ಮೈತೂಕಕ್ಕೆ ಹೋಲಿಸಿದರೆ ಹೃದಯ ಇತರ ನಾಯಿಗಳಿಗಿಂತ ದೊಡ್ಡದು, ರಕ್ತದಲ್ಲಿ ಕೆಂಪುಕಣಗಳೂ ಹೆಚ್ಚು. ಇಂಥ ದೇಹದ ಮೇಲೆ ನಾಲ್ಕೈದು ಕಿಲೋ ಬೊಜ್ಜು ಹೇರಿದರೆ ಅದರ ಭಾರವೆಲ್ಲ ತೆಳುವಾದ ಕಾಲಿನ ಕೀಲುಗಳ ಮೇಲೆಯೇ.

ಕಣ್ಣಿನದು ಇನ್ನೂ ಸ್ವಾರಸ್ಯ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡ ಪಟ್ಟಿಯಾಗಿ ಒತ್ತಾಗಿರುತ್ತವೆ. ಮೊಂಡು ಮೂತಿಯ ಪಗ್‌ನಲ್ಲಿ ನಡುವೆ ಗುಂಪುಗೂಡಿರುತ್ತವೆ. ಬಾನಂಚಿನ ಉದ್ದಕ್ಕೂ ಏನು ಅಲುಗಿದರೂ ನಮ್ಮ ನಾಯಿಗೆ ಕಾಣುತ್ತದೆ. ಬೆಕ್ಕು, ಆಡಿನ ಮರಿ, ಸ್ಕೂಟರು ಅದರ ಪಾಲಿಗೆ ಒಂದೇ. ಓಟ ಕಿತ್ತ ಮೇಲೆ ನೀವು ಎಷ್ಟು ಕೂಗಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಸಾಂಗ್ಲಿ–ಮಿರಜ ರಸ್ತೆಯಲ್ಲಿ ಹಗ್ಗ ಬಿಚ್ಚುವ ಧೈರ್ಯ ಯಾರಿಗೂ ಬೇಡ. ಕುತ್ತಿಗೆಗಿಂತ ತಲೆ ಹೆಚ್ಚೇನೂ ದಪ್ಪವಿಲ್ಲದ ಕಾರಣ ಮಾಮೂಲಿ ಪಟ್ಟಿಯಿಂದ ಹಿಂದೆ ಸರಿದು ಜಾರಿಕೊಳ್ಳುತ್ತದೆ. ಎಳೆದರೆ ಬಿಗಿಯಾಗುವ ಅಗಲ ಪಟ್ಟಿಯೇ ಬೇಕು.

ಹಾಗೆಂದು ಇದಕ್ಕೆ ಮೂಗಿಲ್ಲವೆಂದು ತಿಳಿಯಬಾರದು. 2016ರಲ್ಲಿ ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ ಮುಧೋಳದ ಮರಿಗಳಿಗೆ ತರಬೇತಿ ಆರಂಭಿಸಿತು. ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಕೂಟದಲ್ಲಿ ಜಾಡು ಹಿಡಿಯುವ ವಿಭಾಗದಲ್ಲೇ ವಿದೇಶಿ ತಳಿಗಳನ್ನು ಹಿಂದೆ ಹಾಕಿತು. ಆದರೆ ಕಲಿಸುವವರಿಗೆ ತಾಳ್ಮೆ ಬೇಕು. ಇದು ಸೂಕ್ಷ್ಮ ಸ್ವಭಾವದ ಪ್ರಾಣಿ. ಗದರಿದರೆ ಮುದುಡುತ್ತದೆ, ಅಪರಿಚಿತರು ಮೈ ಮುಟ್ಟಿದರೆ ಸರಿಯುತ್ತದೆ. ಮರಿಯಿದ್ದಾಗಲೇ ಜನ, ಗದ್ದಲ, ಬೇರೆ ನಾಯಿಗಳ ಪರಿಚಯವಾಗಬೇಕು. ದಿನವಿಡೀ ಸರಪಳಿಯಲ್ಲಿ ಬಿದ್ದ ನಾಯಿ ಹುಚ್ಚು ಹಟದ್ದಾಗುತ್ತದೆ, ಅದು ನಾಯಿಯ ತಪ್ಪಲ್ಲ.

ಬೆಳಿಗ್ಗೆ, ಸಂಜೆ ಬೇಲಿಯಿರುವ ಹೊಲದಲ್ಲೋ ಮೈದಾನದಲ್ಲೋ ಮನಸಾರೆ ಓಡಲು ಬಿಟ್ಟರೆ ಉಳಿದ ಹೊತ್ತೆಲ್ಲ ಮಲಗಿ ಕಳೆಯುವ ಜೀವ ಇದು. ಸೋಮಾರಿ ಎಂದು ಬೈಯಬೇಡಿ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಓಟ ಸಲ್ಲದು. ನಾಯಿ ಬೆವರಿ ಮೈ ಆರಿಸಿಕೊಳ್ಳಲಾರದು, ನಾಲಿಗೆ ಚಾಚಿ ತೇಕಬೇಕು. ಓಡಿದ ಗ್ರೇಹೌಂಡ್‌ನ ಮೈ 41 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಳ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ತುಂಬ ಉಂಡೊಡನೆ ಓಡಿಸಬೇಡಿ, ದಿನದ ಆಹಾರವನ್ನು ಎರಡು ಹೊತ್ತಿಗೆ ಹಂಚಿ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಹಳ್ಳಿಯ ವಾಡಿಕೆ. ಅದೊಂದೇ ಸಾಲದು, ಮೊಟ್ಟೆ, ಮಾಂಸ ಸೇರಲೇಬೇಕು. ಮೊಣಕೈಯನ್ನು ಮುಟ್ಟಿ ನೋಡಿ: ಎಲುಬಿನ ಮೇಲೆ ಚರ್ಮವಷ್ಟೇ. ಬರೀ ಫರಸಿಯ ಮೇಲೆ ಮಲಗಿದರೆ ಅಲ್ಲಿ ಕೂದಲುದುರಿ ಜಡ್ಡುಗಟ್ಟಿ ಗಂಟಾಗುತ್ತದೆ. ಹಳೆಯ ಕೌದಿ ಹಾಸಿದರೆ ಸಾಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ‘ಅದರ ಹುಟ್ಟುಗುಣ’ ಎಂಬ ಸಬೂಬು ನಡೆಯದು.

ಇನ್ನೊಂದು ಸಂಗತಿ, ಮರಿ ತಂದ ದಿನವೇ ನಿಮ್ಮ ಪಶುವೈದ್ಯರೊಡನೆ ಮಾತಾಡಿಕೊಳ್ಳಬೇಕಾದದ್ದು. ಥಯೋಪೆಂಟಲ್‌ನಂಥ ಹಳೆಯ ಅರಿವಳಿಕೆ ಔಷಧ ಸಾಮಾನ್ಯ ನಾಯಿಯ ಮೈಯಲ್ಲಿ ಬೇಗ ಸ್ನಾಯು, ಕೊಬ್ಬುಗಳಿಗೆ ಹರಡಿ ಅಮಲು ಇಳಿಯುತ್ತದೆ. ಗ್ರೇಹೌಂಡ್‌ಗಳಲ್ಲಿ ಕೊಬ್ಬೂ ಕಡಿಮೆ, ಯಕೃತ್ತು ಔಷಧವನ್ನು ಒಡೆಯುವ ವೇಗವೂ ಕಡಿಮೆ. ಎಚ್ಚರಾಗಲು ಗಂಟೆಗಟ್ಟಲೆ ಬೇಕು. ಅದೇ ಮೈಕಟ್ಟಿನ ನಮ್ಮ ನಾಯಿಗೂ ಅಷ್ಟೇ ಎಚ್ಚರ ವಹಿಸುವುದು ಒಳಿತು. ಬೇರೆ ಔಷಧಗಳಿವೆ, ಶಸ್ತ್ರಚಿಕಿತ್ಸೆಗೆ ಮೊದಲು ತಳಿಯ ಹೆಸರು ಹೇಳಿ, ಕೇಸ್ ಪೇಪರಿನ ಮೇಲೆಯೇ ಬರೆಸಿಬಿಡಿ.