ಅಗೆಯುವವನ ಪಟ ಯಾರ ಗೋಡೆಗೆ?

ಬೆನ್ನು ಬಗ್ಗಿಸಿ ನೆಲ ಅಗೆಯುತ್ತಿರುವ ಒಬ್ಬ ಕೂಲಿ. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಹಾಲೆಂಡಿನ ಚಿತ್ರಗಾರ ವಿನ್ಸೆಂಟ್ ವ್ಯಾನ್ ಗೋ 1882ರ ನವೆಂಬರಿನಲ್ಲಿ ಹೇಗ್ ಪಟ್ಟಣದಲ್ಲಿ ಮಾಡಿದ ಕಲ್ಲಚ್ಚಿನ ಪಟವಿದು. ಹೆಸರು ‘ಅಗೆಯುವವ’. ಅವರ ಸಲಿಕೆ ಕಾಲಲ್ಲಿ ಒತ್ತಿ ನೆಲಕ್ಕಿಳಿಸುವಂಥದು. ನಮ್ಮ ಚಿಲಮತ್ತೂರು ಕಡೆಯ ಗರಸು ನೆಲಕ್ಕೆ ಅದು ನಡೆಯೋದಿಲ್ಲ. ಇಲ್ಲಿ ಮೊದಲು ಗಡಾರಿ, ಆಮೇಲೆ ಗುದ್ದಲಿ. ಆದರೆ ಸೊಂಟದ ನೋವು ಎರಡು ಕಡೆಯೂ ಒಂದೇ ಇರಬೇಕು.

ಕಲ್ಲಚ್ಚು ಅಂದರೆ ಕಲ್ಲು ಕೆತ್ತೋದಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಹಚ್ಚಿ, ಶಾಯಿ ಉರುಳಿಸುತ್ತಾರೆ. ಜಿಡ್ಡಿದ್ದ ಕಡೆ ಶಾಯಿ ಹತ್ತುತ್ತೆ, ನೀರಿದ್ದ ಕಡೆ ಹತ್ತೋದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿದ್ದು ಇಂಥ ಕಲ್ಲಿನ ಮೇಲೇ. ಮರುವರ್ಷ ಅದು ನಮ್ಮ ಹಳೇ ಜಿಲ್ಲೆ ಬಳ್ಳಾರಿಗೆ ಬಂತು.

ವ್ಯಾನ್ ಗೋ ಕಲ್ಲಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಕೂಲಿಯವರ ಪಟ ಕೂಲಿಯವರ ಮನೆಗೇ ಅಗ್ಗದಲ್ಲಿ ಸಿಗಬೇಕು ಅನ್ನೋದು ಅವನ ಆಸೆ. ಅದೇ ತಿಂಗಳು ಅವನು ಮಾಡಿದ ಒಬ್ಬ ಮುದುಕನ ಪಟವನ್ನು ಅಚ್ಚುಕೂಟದ ಆಳುಗಳೇ ಗೋಡೆಗೆ ತೂಗುಹಾಕಲು ಕೇಳಿದರಂತೆ. ತಮ್ಮ ತೇವೋಗೆ ಬರೆದ ಕಾಗದದಲ್ಲಿ ಈ ಸಂಗತಿಯನ್ನು ಹಿಗ್ಗಿ ಬರೆದಿದ್ದಾನೆ. ಯೋಜನೆ ಮಾತ್ರ ಮುಂದೆ ಸಾಗಲಿಲ್ಲ. ಅಚ್ಚಾದದ್ದು ಕೆಲವೇ ಹಾಳೆ; ಉಳಿದವು ಈಗ ಮ್ಯೂಸಿಯಂ ಸೇರಿವೆ.

ಅದೇ 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. ಧಾತು ಸಂವತ್ಸರದ ಬರ ಮುಗಿದು ಆಗ ನಾಲ್ಕೇ ವರ್ಷ. 1876ರಿಂದ 78ರವರೆಗಿನ ಆ ಬರದಲ್ಲಿ ಮದ್ರಾಸ್ ಸರ್ಕಾರದ ಕಾಮಗಾರಿಗಳಲ್ಲಿ ನಮ್ಮವರೂ ಮಣ್ಣು ಅಗೆದರು, ಮಂಕರಿ ಹೊತ್ತರು. 1877ರ ಮೊದಲಲ್ಲಿ ರಿಚರ್ಡ್ ಟೆಂಪಲ್ ಎಂಬ ದೊರೆ ಕೂಲಿ ಇಳಿಸಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ. ಪೌಂಡು ಅಂದರೆ ಅರ್ಧ ಕೇಜಿಯೂ ಇಲ್ಲ! ಹೆಂಗಸರಿಗೆ ಇನ್ನೂ ಕಡಿಮೆ. ಇದನ್ನು ತಿಂದು ಗಡಾರಿ ಎತ್ತೋಕಾಗುತ್ತಾ ಅಂತ ದೊರೆ ಯೋಚಿಸಲಿಲ್ಲ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳ ಹೂಡಿದ ಮೇಲೆ ಒಂದಿಷ್ಟು ಏರಿತು.

ಆ ಬರದ ಮಾತು ನಮ್ಮ ಬಾಯಲ್ಲಿ ಇನ್ನೂ ಇದೆ. 2006ರ ಫೆಬ್ರವರಿ 2ರಂದು ನಮ್ಮ ಅನಂತಪುರದ ಬಂಡ್ಲಪಲ್ಲಿಯಲ್ಲೇ ಪ್ರಧಾನಿ ಮನಮೋಹನ ಸಿಂಗ್ ಉದ್ಯೋಗ ಖಾತರಿ ಯೋಜನೆ ಶುರುಮಾಡಿದರು. ಸರ್ಕಾರದ ಹೆಸರು ಉದ್ದವಿದ್ದರೂ ತೆಲುಗು ಜನ ಅದನ್ನು ಕರೆದದ್ದು ‘ಕರುವು ಪನಿ’ ಅಂತಲೇ. ಬರದ ಕೆಲಸ.

2023ರ ಜನವರಿಯಿಂದ ಆ ಕೆಲಸಕ್ಕೂ ಪಟ ಬಂತು. ಕೂಲಿಯವರನ್ನು ಕೆಲಸದ ಜಾಗದಲ್ಲೇ ದಿನಕ್ಕೆರಡು ಸಲ ಫೋನಿನಲ್ಲಿ ಹಿಡಿಯೋದು ಕಡ್ಡಾಯವಾಯಿತು. ಫೋಟೋ ಏರಿದರೆ ಹಾಜರಿ, ಹಾಜರಿ ಇದ್ದರೆ ಕೂಲಿ. ಸಿಗ್ನಲ್ ಇಲ್ಲದ ಗುಡ್ಡದ ಮಗ್ಗುಲಲ್ಲಿ ಅಗೆದವರು ಏನು ಮಾಡಬೇಕು? ಹಾಲೆಂಡಿನ ಅಚ್ಚುಕೂಟದವರು ಪಟ ಕೇಳಿದ್ದು ಗೋಡೆಗೆ. ನಮ್ಮವರು ಫೋನಿನ ಮುಂದೆ ಸಾಲಾಗಿ ನಿಂತದ್ದು ಆ ದಿನದ ಕೂಲಿಗೆ.